ಬಾಟಲಿ ಇದ್ದ ಜಾಗ

ಪ್ರೀತಿಯ ಫುವರೋಸಾ,

ಲಕೋಟೆಯ ಮೇಲೆ ನನ್ನ ಹೆಸರು ನೋಡಿ ಇದನ್ನು ಒಡೆಯದೆ ಪಕ್ಕಕ್ಕಿಟ್ಟಿದ್ದರೆ ಅದು ನ್ಯಾಯವೇ. ಎರಡು ದಿನ ಬಿಟ್ಟಾದರೂ ಒಡೆದಿರುತ್ತೀಯ ಎಂದುಕೊಂಡು ಬರೆಯುತ್ತಿದ್ದೇನೆ. ಹೋದ ವರ್ಷ ನಿನ್ನ ಫೋನಿಗೆ ನಾನು ಕಳಿಸಿದ ಧ್ವನಿ ಸಂದೇಶಗಳನ್ನೆಲ್ಲ ನಿನ್ನೆ ಕೂತು ಕೇಳಿದೆ. ನಲವತ್ತಮೂರು ಇದ್ದವು. ಪ್ರತಿಯೊಂದರ ಕೊನೆಗೂ ನನ್ನ ನಗು. ನಕ್ಕುಕೊಂಡು ಹೇಳಿದರೆ ಯಾವ ಮಾತೂ ಎದುರಿನವರಿಗೆ ಭಾರವಾಗುವುದಿಲ್ಲ ಎಂದು ಆಗ ನಂಬಿದ್ದೆ. ಕಾಗದದಲ್ಲಿ ಹಾಗೆ ನಗಲು ಬರುವುದಿಲ್ಲ, ಅದಕ್ಕೇ ಈ ಸಲ ಕಾಗದ.

ಎಸೆತಾ ನನ್ನ ಎಡಗೈ ಮೇಲೆ ಮಲಗಿದ್ದಾಳೆ. ಇಳಿಸಿದರೆ ಎದ್ದುಬಿಡುತ್ತಾಳೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಅವಳಿಗೀಗ ಏಳು ತಿಂಗಳು. ಒಂದೇ ಕೈಯಲ್ಲಿ ಬದುಕುವುದು ಹೇಗೆಂದು ಈ ಏಳು ತಿಂಗಳಲ್ಲಿ ಕಲಿತಿದ್ದೇನೆ. ಅದನ್ನು ನೀನು ಮದುವೆಯೂ ಆಗದೆ, ಮಗುವನ್ನೂ ಹೆರದೆ, ನನಗಿಂತ ಮೊದಲೇ ತಿಳಿದುಕೊಂಡಿದ್ದೆ.

ನೆನಪಿದೆಯಾ, ನೀನು ರಾಜಧಾನಿ ಅಪಿಯಾದಿಂದ ದೋಣಿ ಹತ್ತಿ ಸವಾಯಿ ದ್ವೀಪಕ್ಕೆ, ನಮ್ಮ ಊರಿಗೆ ಬಂದ ದಿನ? ನಾನು ಏಳು ತಿಂಗಳ ಬಸುರಿ. ಹೆಂಗಸರ ಕಮಿಟಿಯ ಕಾರ್ಯದರ್ಶಿ. ಹೊರಗಿನವಳಾದ ಈ ಸೊಸೆಗೆ ಆ ಹುದ್ದೆ ಸಿಕ್ಕಿದ್ದು ಕಾಲೇಜು ಓದಿದ್ದೇನೆ, ಕಂಪ್ಯೂಟರ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ಪುಡಿಯ ನೀರನ್ನು ಹೇಗೆ ಕಲಸಿ ಕುಡಿಸಬೇಕು ಎಂದು ಹೇಳುವ ಒಂದು ಕಾರ್ಡು, ಇನ್ನೂರು ಅಡುಗೆಮನೆಗಳಿಗೆ. ಅದಕ್ಕೆ ಚಿತ್ರ, ಅಕ್ಷರ ಜೋಡಿಸಿಕೊಡುವುದು, ಇಷ್ಟೇ ನಿನ್ನ ಕೆಲಸ. ನೀನು ಬಂದವಳೇ ಕೇಳಿದೆ:

"ಅಕ್ಕಾ, ಯಾರದಾದ್ರೂ ಅಡುಗೆಮನೇಲಿ ಒಂದು ಗಂಟೆ ಸುಮ್ನೆ ಕೂರ್ಲಾ? ಚಿಕ್ಕ ಮಗು ಇರೋ ಮನೆ ಆದ್ರೆ ಒಳ್ಳೇದು."

ನನಗೆ ಅವಮಾನವಾದಂತಾಯಿತು. ಅಪಿಯಾದಿಂದ ಬಂದವಳನ್ನು ಹೊಗೆ ಹಿಡಿದ ಒಲೆಯ ಮುಂದೆ ಕೂರಿಸಿದರೆ ಊರಿನ ಮಾನ ಏನಾದೀತು? ಹೊಸ ಚಾಪೆ ಹಾಸಿದ್ದ ಕಮಿಟಿ ಮನೆಗೆ ಕರೆದುಕೊಂಡು ಹೋದೆ. ಹಂದಿಮಾಂಸ, ಟಾರೊ ಗೆಡ್ಡೆ, ಎರಡು ಗಂಟೆ ಸ್ವಾಗತ ಭಾಷಣ. ಅಡುಗೆಮನೆ ನೋಡದೆಯೇ ನೀನು ಸಂಜೆಯ ದೋಣಿ ಹತ್ತಿದೆ. ಹತ್ತುವ ಮೊದಲು ಇನ್ನೊಂದು ಮಾತು ಕೇಳಿದೆ: "ಇದನ್ನ ಓದೋ ಹೊತ್ತಿಗೆ ಆ ತಾಯಿ ಕೈಯಲ್ಲಿ ಏನಿರುತ್ತೆ ಅಕ್ಕ?"

"ಏನಿರುತ್ತೆ? ಕಾರ್ಡಿರುತ್ತೆ!" ಎಂದು ನಾನು ನಕ್ಕೆ. ನೀನೂ ನಕ್ಕೆ, ಪಾಪ.

ಹತ್ತು ದಿನಕ್ಕೆ ನಿನ್ನ ಮೊದಲ ಚಿತ್ರ ಬಂತು. ಒಂದು ದೊಡ್ಡ ಬಾಟಲಿ, ನಮ್ಮೂರಲ್ಲಿ ಎಲ್ಲರೂ ನೀರು ತುಂಬಿಡುವ ಅದೇ ಒಂದು ಲೀಟರಿನದು, ಕತ್ತಿನವರೆಗೂ ನೀರು. ಪಕ್ಕದಲ್ಲಿ ಒಂದು ಪ್ಯಾಕೆಟ್. "ನೀರು ಕಾಯಿಸಿ, ಆರಿಸಿ. ಒಂದು ಪ್ಯಾಕೆಟ್, ಒಂದು ಲೀಟರ್." ಅಕ್ಷರಗಳು ಬೆರಳಿನಷ್ಟು ದಪ್ಪ. ಸುತ್ತಲೂ ಬಿಳಿ. ಜೊತೆಗೆ ನೀನು ಒಂದು ಪುಟ ಬರೆದಿದ್ದೆ, ಬಿಳಿ ಯಾಕೆ, ದಪ್ಪ ಯಾಕೆ, ಬಾಟಲಿ ಯಾಕೆ ಎಂದು. ಆ ಪುಟವನ್ನು ನಾನು ಕಮಿಟಿಗೆ ಓದಿ ಹೇಳಲಿಲ್ಲ ಫುವರೋಸಾ. ಹಿರಿಯರಿಗೆ ಪಾಠ ಹೇಳಿದ ಹಾಗಾಗುತ್ತದೆ ಎಂದು ಹೆದರಿ ಬರಿಯ ಚಿತ್ರವನ್ನು ಚಾಪೆಯ ಮೇಲಿಟ್ಟು, ಎಲ್ಲರಿಗೂ ಕುಡಿಯಲು ಬಿಸಿ ಕೋಕೋ ತರಲು ಒಳಗೆ ಹೋದೆ.

ನಾನು ತಿರುಗಿ ಬರುವಷ್ಟರಲ್ಲಿ ತೀರ್ಪು ಶುರುವಾಗಿತ್ತು.

"ಇಷ್ಟೊಂದು ಜಾಗ ಖಾಲಿ ಬಿಟ್ಟಿದ್ದಾಳಲ್ಲ, ಕೆಲಸ ಅರ್ಧಕ್ಕೇ ನಿಲ್ಲಿಸಿದ್ಲಾ?" ಎಂದರು ಅಧ್ಯಕ್ಷೆ ಕಲೊಲೈನಾ ಅಮ್ಮ. ಊರಿನ ಮೊದಲ ಮುಖಂಡರ ಹೆಂಡತಿ. ಅವರು ಬೀಸಣಿಗೆ ಆಡಿಸುವುದು ನಿಲ್ಲಿಸಿದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ.

"ಬಾಟಲಿ ನೋಡಿದ್ರೆ ಅಂಗಡಿ ಜಾಹೀರಾತಿನ ಹಾಗಿದೆ," ಎಂದರು ಇನ್ನೊಬ್ಬರು.

"ಪಾದ್ರಿಗಳ ಹೆಂಡತಿ ಹೆಸರೆಲ್ಲಿ? ನಾಳೆ ಚರ್ಚಲ್ಲಿ ಯಾವ ಮುಖ ತೋರಿಸೋದು?"

ಹೆಸರು ಬಂದ ಮೇಲೆ ಕೇಳಬೇಕೆ. ಒಂದು ಮನೆತನದ ಹೆಸರು ಬಂದರೆ ಅದರ ಸರಿಸಮ ಎಲ್ಲವೂ ಬರಬೇಕು, ಗೌರವದ ಬಿರುದುಗಳ ಸಮೇತ, ಮೇಲಿಂದ ಕೆಳಗೆ, ಸರಿಯಾದ ಸಾಲಿನಲ್ಲಿ. ಒಂದು ಬಿಟ್ಟುಹೋದರೆ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಹುಟ್ಟಿದ ಊರಿನವಳಾಗಿದ್ದರೆ ಒಂದು ಮಾತು ಆಡಬಹುದಿತ್ತೇನೋ. ಗಂಡನ ಊರಲ್ಲಿ ಸೊಸೆಯಾದವಳು ಕೋಕೋ ಬಗ್ಗಿಸುತ್ತಾಳೆ. ಬಗ್ಗಿಸಿದೆ. ಆಮೇಲೆ ಹೊರಗೆ ಬಂದು ಬ್ರೆಡ್‌ಫ್ರೂಟ್ ಮರದ ಕೆಳಗೆ ನಿಂತು ನಿನಗೆ ಮೊದಲ ಸಂದೇಶ ಕಳಿಸಿದೆ: "ತುಂಬಾ ಚೆನ್ನಾಗಿದೆ ಕಣೇ, ಒಂದು ಸಣ್ಣ ಬದಲಾವಣೆ ಅಷ್ಟೇ."

ಆ ಸಣ್ಣ ಬದಲಾವಣೆಗಳು ಏಳು ವಾರ ನಡೆದವು. ಒಂದು ದಿನ ಕೆಂಪು, ಮರುದಿನ ನೀಲಿ. ಬೆಳಿಗ್ಗೆ ಕಲೊಲೈನಾ ಅಮ್ಮ ಹೇಳಿದ್ದು, ಮಧ್ಯಾಹ್ನ ಪಾದ್ರಿಯ ಹೆಂಡತಿ ಅದಕ್ಕೆ ಉಲ್ಟಾ ಹೇಳಿದ್ದು. ಎರಡನ್ನೂ ಸೋಸದೆ, ತೂಗದೆ ಹಾಗೆಯೇ ನಿನ್ನ ಮೇಲೆ ಸುರಿದೆ. ಒಂದು ಸಲ ನೀನು ಕೇಳಿದೆ: "ಅಕ್ಕಾ, ಕೊನೇ ಮಾತು ಯಾರದು?" ನಾನೆಂದೆ, "ಎಲ್ಲರದೂ." ಎಷ್ಟು ಹಾಯಾದ ಉತ್ತರ! ಎಲ್ಲರದೂ ಅಂದರೆ ನನ್ನದಲ್ಲ. ಪ್ರತಿ ಸಲವೂ ನಿನ್ನ ಕಡೆಯಿಂದ ಒಂದೇ ಸಾಲು ಬರುತ್ತಿತ್ತು: "ಆಗಲಿ ಅಕ್ಕ." ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಹಿರಿಯರ ಮುಂದೆ ನನ್ನ ಬಾಯಿಂದ ಬರುವುದೂ ಅದೇ ಮಾತು. ಅದರ ಹಿಂದೆ ಏನಿರುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಹಾಗೆಂದುಕೊಂಡೆ.

ಒಂದೇ ಒಂದು ಸಲ ನೀನಾಗಿಯೇ ಫೋನ್ ಮಾಡಿದೆ. ದನಿ ನಡುಗುತ್ತಿತ್ತು. "ಹೆಸರು ಹಾಕ್ತೀನಿ, ಬಣ್ಣ ಬದಲಾಯಿಸ್ತೀನಿ, ಏನು ಹೇಳಿದ್ರೂ ಮಾಡ್ತೀನಿ. ಬಾಟಲಿ ಒಂದು ಇರ್ಲಿ ಅಕ್ಕ. ಅದೊಂದನ್ನ ತೆಗೀಬೇಡಿ." ಮಾತು ಕೊಟ್ಟೆ. ಹೊಟ್ಟೆಯಲ್ಲಿರುವ ಮಗುವಿನ ಆಣೆ ಎಂದೆ.

ಇನ್ನು ಮುಂದಿನದು ನಿನಗೆ ಗೊತ್ತಿಲ್ಲ.

ಮುದ್ರಣಕ್ಕೆ ಕಳಿಸುವ ಹಿಂದಿನ ದಿನ ಕಲೊಲೈನಾ ಅಮ್ಮ ಕಮಿಟಿಯ ಹದಿನಾಲ್ಕು ಹೆಂಗಸರ ಫೋಟೋ ತಂದುಕೊಟ್ಟರು. ಬಿಳಿ ಸಮವಸ್ತ್ರ, ಕಿವಿಯ ಮೇಲೆ ಹೂವು. "ಇದು ಬರಬೇಕು ನೋಡು," ಎಂದರು. ಕಾರ್ಡಿನಲ್ಲಿ ಇನ್ನು ಉಳಿದಿದ್ದ ಜಾಗ ಬಾಟಲಿಯದೊಂದೇ. ನಿನ್ನನ್ನು ಕೇಳುವ ಮುಖ ನನಗಿರಲಿಲ್ಲ. ನೀನು ಕಳಿಸಿದ್ದ ಫೈಲನ್ನು ನಾನೇ ತೆರೆದೆ, ಬಾಟಲಿ ಅಳಿಸಿದೆ, ಫೋಟೋ ಅಂಟಿಸಿದೆ. ಕಲಸುವ ವಿಧಾನ ಕೆಳಗೆ ಇರುವೆ ಸಾಲಿನಂತೆ ಸೇರಿಕೊಂಡಿತು. ಅದರ ಕೆಳಗಿದ್ದ ನಿನ್ನ ಹೆಸರನ್ನು ಮಾತ್ರ ಹಾಗೆಯೇ ಬಿಟ್ಟೆ.

ನಾಲ್ಕು ತಿಂಗಳ ಮೇಲೆ ಕಮಿಟಿಯಲ್ಲಿ ದೂರು ಬಂತು. "ಕಾರ್ಡು ಚೆಂದ ಇದೆ, ಆದ್ರೆ ಓದಕ್ಕಾಗಲ್ಲ. ನಮ್ಮ ಮುಖ ನೋಡ್ಕೊಂಡು ಕೂರಬೇಕು ಅಷ್ಟೇ." ಎಲ್ಲರೂ ನನ್ನ ಕಡೆ ತಿರುಗಿದರು. ಎಸೆತಾ ಮೊಲೆ ಕುಡಿಯುತ್ತಿದ್ದಳು. ಅವಳ ತಲೆಯ ಮೇಲಿಂದಲೇ ನಾನು ಹೇಳಿದೆ: "ಆ ಅಪಿಯಾ ಹುಡುಗಿ ಮಾಡಿದ್ದೇ ಹಾಗೆ. ನಾನೆಷ್ಟು ಹೇಳಿದ್ರೂ ಕೇಳ್ಲಿಲ್ಲ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಮಗು ಕುಡಿಯುವುದನ್ನೂ ನಿಲ್ಲಿಸಲಿಲ್ಲ. ಪಕ್ಕದ ಮೂರು ಊರಿನ ಕಮಿಟಿಗಳು ನಿನ್ನ ಕೈಯಲ್ಲೇ ಕಾರ್ಡು ಮಾಡಿಸುವುದೆಂದು ಮಾತಾಗಿತ್ತಲ್ಲ, ಅವರು ಆಮೇಲೆ ನಿನಗೆ ಫೋನ್ ಮಾಡಲಿಲ್ಲ. ಯಾಕೆಂದು ನೀನು ಎಷ್ಟು ದಿನ ಯೋಚಿಸಿದೆಯೋ. ಕಾರಣ ಇದು.

ಹೋದ ತಿಂಗಳು ಎಸೆತಾಳಿಗೆ ಭೇದಿ ಹಿಡಿಯಿತು. ಮಟಮಟ ಮಧ್ಯಾಹ್ನ, ಮನೆಯವರೆಲ್ಲ ಆಚೆ ಊರಿಗೆ ಸಾವಿನ ಮನೆಗೆ ಹೋಗಿದ್ದರು. ಎಡಗೈಯಲ್ಲಿ ಅವಳು, ಬೆಂಕಿಯಂತೆ ಮೈ, ಒಂದೇ ಸಮ ಅಳು. ನಾನು ಸರಿಯಾಗಿ ನಿದ್ದೆ ಮಾಡಿ ಎಷ್ಟು ವಾರವಾಗಿತ್ತೋ. ಪ್ಯಾಕೆಟ್ಟನ್ನು ಹಲ್ಲಲ್ಲಿ ಹರಿದೆ, ಅದರ ಮೇಲಿದ್ದ ಬರಹವೂ ಅರ್ಧಕ್ಕೆ ಹರಿಯಿತು. ನೀರೆಷ್ಟು? ನಾನೇ ಬರೆಸಿದ ಮಾತು, ಏಳು ವಾರ ದಿನಕ್ಕೆ ಹತ್ತು ಸಲ ನೋಡಿದ ಮಾತು, ತಲೆಯಲ್ಲಿ ಇಲ್ಲ. ಕಂಬಕ್ಕೆ ಕಟ್ಟಿದ್ದ ಕಾರ್ಡಿನ ಮುಂದೆ ಹೋಗಿ ನಿಂತೆ. ಹದಿನಾಲ್ಕು ಜನ ನನ್ನನ್ನು ನೋಡಿ ನಗುತ್ತಿದ್ದರು. ಹೆಸರುಗಳು, ಬಿರುದುಗಳು, ಮತ್ತೆ ಹೆಸರುಗಳು. ಕೆಳಗಿನ ಸಾಲಿಗೆ ಕಣ್ಣು ಹೊಂದಿಸಲು ಮಗು ಬಿಡಲಿಲ್ಲ. ಕೈಗೆ ಸಿಕ್ಕ ಮಗ್ಗಿನಲ್ಲಿ ಇಡೀ ಪ್ಯಾಕೆಟ್ ಸುರಿದು, ಕಲಸಿ, ಚಮಚ ಚಮಚವಾಗಿ ಕುಡಿಸಿದೆ. ಎಲ್ಲ ವಾಂತಿ ಮಾಡಿದಳು. ಮತ್ತೆ ಕುಡಿಸಿದೆ. ಅಳುವುದನ್ನೂ ನಿಲ್ಲಿಸಿ ಕಣ್ಣು ತೇಲಿಸಿದಳು.

ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಆಸ್ಪತ್ರೆಗೆ ಓಡಿದೆ. ನರ್ಸ್ ಕೇಳಿದಳು, "ಎಷ್ಟು ನೀರಿಗೆ ಕಲಸಿದ್ರಿ?"

"ಒಂದು ಮಗ್ಗು."

"ಅಯ್ಯೋ ಮಾರಾಯ್ತಿ, ಲೀಟರ್ ನೀರಿಗೆ ಹಾಕೋದನ್ನ ಒಂದು ಮಗ್ಗಿಗಾ? ಇಷ್ಟು ಉಪ್ಪು ಎಳೇ ಮಗು ತಡಿಯುತ್ತಾ? ನಿಮ್ಮೂರಲ್ಲಿ ಮನೆಮನೆಗೂ ಕಾರ್ಡ್ ಕೊಟ್ಟಿದ್ದಾರಂತಲ್ಲ, ಅದರಲ್ಲಿ ಹಾಕಿಲ್ವಾ?"

ಬಾಟಲಿ ಹಾಕಿದ್ದರು, ನಾನೇ ತೆಗೆದೆ ಎಂದು ಹೇಳದೆ ಮಗುವನ್ನು ಅವಳ ಕೈಗಿಟ್ಟೆ. ಎರಡು ದಿನ ಆಸ್ಪತ್ರೆಯಲ್ಲಿದ್ದೆವು. ಈಗ ಹುಷಾರಾಗಿದ್ದಾಳೆ, ನೋಡು, ನಿದ್ದೆಯಲ್ಲೇ ನನ್ನ ಪೆನ್ನಿಗೆ ಕೈ ಹಾಕುತ್ತಿದ್ದಾಳೆ. ಆದರೆ ಇನ್ನೂರು ಅಡುಗೆಮನೆಗಳು, ಫುವರೋಸಾ. ಕಣ್ಣು ಮುಚ್ಚಿದರೆ ಇನ್ನೂರು ಮಗ್ಗುಗಳು ಕಾಣುತ್ತವೆ. ಓದೋ ತಾಯಿ ಕೈಯಲ್ಲಿ ಏನಿರುತ್ತೆ ಎಂದು ನೀನು ಕೇಳಿದ್ದೆ.

ಹೋದ ಗುರುವಾರ ಕಮಿಟಿ ಸೇರಿತು. ಕೋಕೋ ಬಗ್ಗಿಸುವ ಮೊದಲೇ ಎದ್ದು ನಿಂತು ಎಲ್ಲ ಹೇಳಿದೆ. ಅಳಿಸಿದವಳು ನಾನು, ಸುಳ್ಳು ಹೇಳಿದವಳೂ ನಾನು. ಬೀಸಣಿಗೆ ನಿಂತಿತು. ಕಲೊಲೈನಾ ಅಮ್ಮ, "ಆ ಹುಡುಗಿ ಮೊದಲು ಕಳಿಸಿದ್ದು ತೋರಿಸು," ಎಂದರು. ಅವರ ತೊಡೆಯ ಮೇಲೆ ಮೊಮ್ಮಗ ಕುಣಿಯುತ್ತಿದ್ದ, ಕನ್ನಡಕ ಮನೆಯಲ್ಲಿತ್ತು. ನನ್ನ ಫೋನನ್ನು ಕೈ ಚಾಚಿ ದೂರ ಹಿಡಿದು, ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಓದಿದರು: "ಒಂದು ಪ್ಯಾಕೆಟ್. ಒಂದು ಲೀಟರ್."

ಫೋನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಇದರಲ್ಲಿ ನನ್ನ ಹೆಸರೇ ಇಲ್ವಲ್ಲ," ಎಂದರು. ಆಮೇಲೆ ತಾವೇ, "ಬಿಡು, ಮಕ್ಕಳಿಗೆ ನನ್ನ ಹೆಸರನ್ನ ಕಲಸಿ ಕುಡಿಸ್ತಾರಾ?" ಎಂದರು. ಚಾಪೆ ತುಂಬ ನಗು. ನನಗೆ ಮಾತ್ರ ಅಳು ಬಂತು. ಆ ಬಿಳಿ ಜಾಗ ಯಾಕೆಂದು ಅವತ್ತೇ ನಾನು ಓದಿ ಹೇಳಿದ್ದರೆ ಈ ಹೆಂಗಸರಿಗೆ ಅವತ್ತೇ ಅರ್ಥವಾಗುತ್ತಿತ್ತು. ಕೆಟ್ಟವರು ಅವರಲ್ಲ. ಅವರಿಗೂ ನಿನಗೂ ನಡುವೆ ಇದ್ದವಳು ನಾನು.

ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಹಳೇ ಕಾರ್ಡುಗಳನ್ನ ಈ ವಾರವೇ ಇಳಿಸೋಣ. ಆ ಮೂರು ಊರಿಗೂ ನೀನೇ ಹೋಗು. ಕಮಿಟಿ ಹೆಸರು ಹೇಳಬೇಡ, ನಿನ್ನ ಹೆಸರು ಹೇಳು."

ಎರಡು ಊರಿಗೆ ಹೋಗಿ ಬಂದೆ. ಒಂದು ಕಡೆ, "ಅವಳನ್ನೇ ಕರೀತೀವಿ," ಅಂದರು. ಇನ್ನೊಂದು ಕಡೆ ಆಗಲೇ ಬೇರೆಯವರಿಗೆ ಕೆಲಸ ಕೊಟ್ಟಾಗಿದೆ. ಅದನ್ನು ನನ್ನಿಂದ ತಂದುಕೊಡಲು ಆಗಲಿಲ್ಲ. ಮೂರನೆಯದಕ್ಕೆ ನಾಳೆ ಹೋಗುತ್ತೇನೆ. ನಮ್ಮಲ್ಲಿ ದೊಡ್ಡ ತಪ್ಪು ಮಾಡಿದವರು ಚಾಪೆ ಹೊದ್ದು ನೊಂದವರ ಮನೆಯಂಗಳದಲ್ಲಿ ಕೂರುತ್ತಾರೆ, ಅವರು ಬಂದು ಚಾಪೆ ಎತ್ತುವವರೆಗೆ. ನಿನ್ನ ಅಂಗಳಕ್ಕೂ ಬರಬೇಕು. ಈ ಹುಡುಗಿ ಇನ್ನೊಂದಿಷ್ಟು ಗಟ್ಟಿಯಾಗಲಿ.

ಕಮಿಟಿ ನಿನ್ನ ಮೊದಲ ಕಾರ್ಡನ್ನೇ ಅಚ್ಚು ಹಾಕಿಸಬೇಕೆಂದಿದೆ. ನೀನು ಒಪ್ಪಿದರೆ ಮಾತ್ರ. ಈ ಸಲ ಮಾತಾಡುವವಳು ನಾನೊಬ್ಬಳೇ, ಹದಿನಾಲ್ಕು ಜನರ ಮಾತನ್ನು ಇಲ್ಲೇ ಕೂತು ತೀರ್ಮಾನ ಮಾಡಿ ಒಂದೇ ಸಲ ಕಳಿಸುತ್ತೇನೆ. ನೀನು ಯಾಕೆಂದು ಬರೆದದ್ದನ್ನು ಪೂರ್ತಿ ಓದಿ ಹೇಳುತ್ತೇನೆ. ಫೈಲ್ ಮುಟ್ಟುವುದಿಲ್ಲ. ಬಂದರೆ ನಮ್ಮ ಅಡುಗೆಮನೆಯಲ್ಲೇ ಕೂರು, ಹೊಗೆಯಿದೆ, ಒಂದು ಗಂಟೆಯಲ್ಲ, ಇಡೀ ದಿನ ಕೂರು.

ಒಂದೇ ಬೇಡಿಕೆ. ಈ ಕಾಗದಕ್ಕೆ "ಆಗಲಿ ಅಕ್ಕ" ಎಂದು ಉತ್ತರ ಬರೆಯಬೇಡ. ಬೇಡ ಅನ್ನಿಸಿದರೆ ಬೇಡ ಎಂದು ಬರೆ, ಬೈಯಬೇಕು ಅನ್ನಿಸಿದರೆ ಬೈ. ನಿನ್ನ ಬಾಯಿಂದ ಒಂದು ಸಲವಾದರೂ "ಇಲ್ಲ" ಕೇಳಬೇಕು ನಾನು. ಅವತ್ತು ಫೋನಿನಲ್ಲಿ ನಡುಗುತ್ತ ಹೇಳಿದ್ದು ಅದನ್ನೇ, ನಾನು ಕೇಳಿಸಿಕೊಳ್ಳಲಿಲ್ಲ.

ಹುಡುಗಿ ಎದ್ದಳು. ನಿನ್ನ ಕೈ ತಣ್ಣಗಿರಲಿ, ಕಣ್ಣು ಚುರುಕಾಗಿರಲಿ. ನೀನು ಬಿಳಿ ಬಿಟ್ಟ ಜಾಗಕ್ಕೆ ಯಾರೂ ಕೈ ಹಾಕದಂತೆ ದೇವರು ಕಾಯಲಿ.

ತಲೆ ತಗ್ಗಿಸಿ,
ನಿನ್ನ ಹೆಸರಿನ ಮರೆಯಲ್ಲಿ ಅವಿತಿದ್ದ
ಮತಲೇನಾ