ಸೆಲ್ವಿ ‘ನಿಲ್ಲಿಸಿ’ ಎಂದ ದಿನ

ಮುದ್ದಿನ ಜೆಬಸೆಲ್ವಿ,

ನಾಳೆ ನೀನು ರಾಕೆಟ್ ಹಾರಿಸುವ ತಂಡದ ಜೊತೆ ಕಡಲತೀರಕ್ಕೆ ಹೊರಡುತ್ತೀಯೆ. ಬಸ್ಸಿನ ಹತ್ತಿರ ಎಲ್ಲರೆದುರು ನನಗೆ ಮಾತು ಹೊರಡುವುದಿಲ್ಲ. ಕಣ್ಣು ತುಂಬಿದರೆ ನೀವೆಲ್ಲ ಆಡಿಕೊಳ್ಳುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಕಡಲ ದಂಡೆಯ ನಿನ್ನೂರು ಕೊಳಚ್ಚಲ್‌ನಿಂದ ಅಮ್ಮನ ಒಣಮೀನಿನ ಚಟ್ನಿ ಕಟ್ಟಿಕೊಂಡು, ಮಹೇಂದ್ರಗಿರಿಯ ತಪ್ಪಲಿನ ನಮ್ಮ ಈ ಸಣ್ಣ ಕಂಪನಿಗೆ ಎಂಜಿನಿಯರ್ ಆಗಿ ಬಂದವಳು ನೀನು. ಪರೀಕ್ಷೆಗಳ ಹೊಣೆ ನನ್ನದು; ಇಂಧನದ ಒತ್ತಡ ನೋಡುವ ಕುರ್ಚಿ ನಿನಗೆ ಕೊಟ್ಟೆ. ಪರದೆಯ ಮೇಲೆ ಒಂದೇ ಒಂದು ಗೆರೆ; ಅದನ್ನೇ ನೋಡುತ್ತ ಕೂರುವ ಕೆಲಸ.

ನಿನ್ನ ಮೊದಲ ಎಂಜಿನ್ ಪರೀಕ್ಷೆಗೆ ಚೆನ್ನೈಯಿಂದ ದೊಡ್ಡವರೆಲ್ಲ ಬಂದು ಕೂತಿದ್ದರು. ಬೆಂಕಿ ಹೊತ್ತಿಸಲು ಇನ್ನೇನು ಕೆಲವೇ ಕ್ಷಣಗಳಿವೆ ಎನ್ನುವಾಗ ನೀನು, “ನಿಲ್ಲಿಸಿ. ಗೆರೆ ನಡುಗ್ತು” ಎಂದೆ. ಬೇರೆ ಯಾರಿಗೂ ಅದು ಕಂಡಿರಲಿಲ್ಲ. ಆದರೂ ನಿಲ್ಲಿಸಿದೆವು. ಸಂಜೆಯವರೆಗೆ ಪ್ರತಿ ಕೊಳವೆ, ಪ್ರತಿ ಕವಾಟ ಬಿಚ್ಚಿ ನೋಡಿದರೂ ಏನೂ ಸಿಗಲಿಲ್ಲ. ಬಂದವರು ಮುಖ ಗಂಟಿಕ್ಕಿಕೊಂಡು ಹೋದರು. ಕ್ಯಾಂಟೀನಿನಲ್ಲಿ ನಮ್ಮ ಹಿರಿಯ ತಾಣುಮಾಲಯನ್ ಅಣ್ಣಾಚಿ, “ಏನ್ ತಾಯೀ, ನಡುಗಿದ್ದು ಗೆರೆನೋ ನೀನೋ?” ಎಂದು ಎಲ್ಲರನ್ನೂ ನಗಿಸಿದರು. ನೀನು ಮೊಸರನ್ನವನ್ನು ಕಲಸುತ್ತಲೇ ಕೂತಿದ್ದೆ, ತುತ್ತೆತ್ತಲಿಲ್ಲ.

ಹೊರಗೆ ಬಂದಮೇಲೆ ನೀನು ಕೇಳಿದೆ, “ಅಕ್ಕಾ, ನಾಳೆ ಆ ಕುರ್ಚಿಗೆ ಬೇರೆಯವರನ್ನ ಕೂರಿಸ್ತೀರಾ?”

“ನೀನೇ ಕೂರ್ತೀಯ. ನಾಳೆನೂ ನಡುಗಿದ್ರೆ ನಾಳೆನೂ ನಿಲ್ಲಿಸ್ತೀಯ” ಎಂದೆ ನಾನು.

ಮರುದಿನ ಒಬ್ಬೊಬ್ಬರಾಗಿ ಒಪ್ಪಿಗೆ ಹೇಳುತ್ತ ನಿನ್ನ ಸರದಿ ಬಂದಾಗ ಕೋಣೆಯಲ್ಲಿ ಎಲ್ಲರೂ ನಿನ್ನನ್ನೇ ನೋಡುತ್ತಿದ್ದರು. ನೀನು ಯಾರನ್ನೂ ನೋಡಲಿಲ್ಲ. ಬೇಕಾದಷ್ಟು ಹೊತ್ತು ತೆಗೆದುಕೊಂಡು, “ಸರಿ ಇದೆ, ಹೊತ್ತಿಸಿ” ಎಂದೆ. ಎಂಜಿನ್ ಕೊನೆಯವರೆಗೂ ಉರಿಯಿತು, ಬೆಟ್ಟವೇ ಗುಡುಗಿತು. ನಿನ್ನ ಆ “ಸರಿ ಇದೆ”ಯನ್ನು ನಾನು ಕಣ್ಣುಮುಚ್ಚಿ ನಂಬಿದ್ದೆ, ಹಿಂದಿನ ದಿನ ನೀನು “ನಿಲ್ಲಿಸಿ” ಎಂದಿದ್ದಕ್ಕೇ.

ನಿನಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ಉಡಾವಣೆಯ ತಂಡಕ್ಕೆ ನಿನ್ನ ಹೆಸರು ಹೇಳಿದವಳು ನಾನಲ್ಲ. ಇಷ್ಟು ಹೊಸಬಳು ಯಾಕೆ ಎಂದು ಸಭೆಯಲ್ಲಿ ಕೆಲವರು ಕೇಳಿದರು. ತಾಣುಮಾಲಯನ್ ಅಣ್ಣಾಚಿ ಎದ್ದುನಿಂತು ಹೇಳಿದರು: “ಹೊತ್ತಿಸಿ ಅನ್ನೋಕೆ ನಾವೆಲ್ಲ ಇದ್ದೀವಿ. ನಿಲ್ಲಿಸಿ ಅನ್ನೋಕೆ ಆ ಹುಡುಗಿ ಬೇಕು.”

ಹೋಗಿ ಬಾ ತಂಗಿ. ನಿನ್ನ ಮಾತು ಯಾವತ್ತೂ ಗಟ್ಟಿಯಾಗಿರಲಿ.

ಹೆಮ್ಮೆಯಿಂದ,
ನಿನ್ನ ಕನಕವಲ್ಲಿ ಅಕ್ಕ