ಇವತ್ತು ಯಾರ ಮನೆಯ ಪಾಳಿ?

ಪ್ರೀತಿಯ ಹಲೀಮಾ ಖಾಲಾ,

ನಿಮ್ಮ ಫೋನಿಗೆ ಬಂದ ಮೆಸೇಜುಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಈ ಪತ್ರವನ್ನು ಅಲ್ಲಿ ನಿಮಗೆ ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ನಿಮ್ಮ ಮನೆಗೆ ಆದ ತಪ್ಪು ನನ್ನದು. ಅದನ್ನು ಇನ್ನೂ ಯಾರಿಗೂ ಹೇಳಿಲ್ಲ.

ನಮ್ಮಪ್ಪ ತೀರಿಕೊಂಡ ದಿನ ನೆನಪಾಗುತ್ತದೆ. ಮಣ್ಣು ಮಾಡಿ ಬಂದು ಗೋಡೆಗೆ ಒರಗಿ ಕುಳಿತಿದ್ದೆವು. ಸಾವಾದ ಮನೆಯವರು ಮೂರು ದಿನ ಒಲೆ ಹೊತ್ತಿಸುವುದಿಲ್ಲ, ಸುತ್ತಲಿನವರೇ ಉಣಿಸಬೇಕು. ನಮ್ಮ ಗಲ್ಲಿಯಲ್ಲಿ ಲಿಂಗ ಕಟ್ಟಿದವರ ಮನೆಗೂ ಅದೇ, ನಮಾಜು ಮಾಡುವವರ ಮನೆಗೂ ಅದೇ. ಪಕ್ಕದ ಮನೆಯ ಶರಣಮ್ಮಕ್ಕ ರೊಟ್ಟಿ ಬುಟ್ಟಿ ಹೊತ್ತು ಬಂದಳು, ಮುಂದೆ ನೀವು. "ಏ ಸವೀ, ತಾಟ ತಗೊಂಬಾ. ನೋಡ್ಕೋತ ಕುಂತ್ರ ರೊಟ್ಟಿ ತಾನಾ ನಡ್ಕೊಂಡ್ ಬಾಯಾಗ ಬರ್ತದೇನು?" ಎಂದಿರಿ. ಅವ್ವ ಒಂದು ತುತ್ತು ನುಂಗಿದ ಮೇಲೆಯೇ ಅವಳಿಗೆ ಅಳು ಬಂತು.

ಅವತ್ತಿನಿಂದ ಗಲ್ಲಿಯಲ್ಲಿ ಯಾರೇ ತೀರಿಹೋಗಲಿ, ನೀವು ಹೊರಟರೆ ನಾನು ಹಿಂದೆ. ನೀವು ಬಾಗಿಲು ಬಡಿಯುತ್ತಿದ್ದಿರಿ. ಇವತ್ತು ಇಂಥವರ ಪಾಳಿ, ನಾಳೆ ಇಂಥವರದು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ, ಯಾರ ಕೈಯ ಅಡುಗೆಯನ್ನು ಯಾರು ಉಣ್ಣುತ್ತಾರೆ, ಎಲ್ಲ ನಿಮ್ಮ ತಲೆಯಲ್ಲಿ. ಯಾರಾದರೂ ನೆವ ಹೇಳಿದರೆ ನಗುತ್ತಲೇ ಕೇಳುತ್ತಿದ್ದಿರಿ: "ನಿಮ್ಮ ಮನ್ಯಾಗ ಯಾರೂ ಸಾಯೋದಿಲ್ಲಂತ ಬರ್ಕೊಟ್ಟಾರೇನ್ರಿ?" ನಾನು ಹಿಂದೆ ತಲೆ ತಗ್ಗಿಸಿ ನಿಂತಿರುತ್ತಿದ್ದೆ. ನನಗೂ ಎಲ್ಲ ಬಾಯಿಪಾಠವಾಗಿತ್ತು. ಆದರೆ ಹೇಳಲು ನೀವಿದ್ದಿರಲ್ಲ...

ನೀವು ಹೋದ ದಿನ ಆಳಂದದ ಅರ್ಧ ಊರೇ ನಮ್ಮ ಗಲ್ಲಿಯಲ್ಲಿತ್ತು. ಸಂಜೆ ಮಗ್ರಿಬ್ ಅಜಾನ್ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಮನೆ ಸೇರಿದರು. ಅವ್ವ ಕೇಳಿದಳು: "ಖಾಲಾನ ಮನಿಗಿ ಇವತ್ತ ಯಾರ ಪಾಳೀಬೇ?" ನಾನು "ಯಾರರ ಕಳ್ಸಿರ್ತಾರ ತಗೊ" ಎಂದೆ. ನಿಮ್ಮಂಥವರ ಮನೆಗೆ ಹತ್ತು ಕಡೆಯಿಂದ ಬಂದಿರುತ್ತದೆ ಅಂದುಕೊಂಡೆ. ಶರಣಮ್ಮಕ್ಕನೂ ಹಾಗೇ ಅಂದುಕೊಂಡಳು. ಭೂಸನೂರಿನ ಸಕ್ಕರೆ ಫ್ಯಾಕ್ಟರಿಗೆ ಹೋಗುವ ದಸ್ತಗೀರಣ್ಣನ ಮನೆಯವರೂ ಹಾಗೇ. ಪಾಳಿ ಹೇಳಲು ಯಾರೂ ಬರಲಿಲ್ಲ, ಆದ್ದರಿಂದ ತಮ್ಮದಲ್ಲ ಎಂದು ಇಡೀ ಗಲ್ಲಿ ಉಂಡು ಮಲಗಿತು.

ಮರುದಿನ ಬೆಳಿಗ್ಗೆ ಚಹಾಕ್ಕೆಂದು ಹಾಲು ಒಯ್ದೆ. ಜೇವರ್ಗಿಯಿಂದ ಬಂದಿದ್ದ ನಿಮ್ಮ ಮಗಳು ಶಾಹೀನಕ್ಕ ಒಲೆಯ ಮುಂದೆ ಕಡ್ಡಿ ಗೀರುತ್ತಿದ್ದಳು. "ಅಕ್ಕಾ, ಒಲಿ..." ಅಂದೆ. ಅವಳು ತಿರುಗಿ ನೋಡಲಿಲ್ಲ. "ಏನ್ ಮಾಡ್ಲಿಬೇ ಸವೀ? ಅಬ್ಬಾಗ ಶುಗರ್ ಗುಳಿಗಿ ನುಂಗೋದದ. ನಿನ್ನೆಯಿಂದ ಅವ್ರ ಹೊಟ್ಟ್ಯಾಗ ಏನಿಲ್ಲ. ಅಮ್ಮಿ ಇದ್ದಿದ್ರ..." ಮತ್ತೊಂದು ಕಡ್ಡಿ ಗೀರಿದಳು. ಹೊರಗಿನಿಂದ ನಿಮ್ಮ ಯಜಮಾನರು, ನಮ್ಮ ಚಾಚಾ, "ಬಿಡ್ ಬೇಟಿ, ಮಂದಿ ಮರ್ತಿರ್ತಾರ" ಎಂದರು.

ಮರೆತಿರಲಿಲ್ಲ ಖಾಲಾ. ಪಾಳಿ ಗೊತ್ತಿದ್ದವಳು ನಾನೊಬ್ಬಳೇ ಇದ್ದೆ. ಊರಿಗೆಲ್ಲ ಉಣಿಸಿದ ನಿಮ್ಮ ಮನೆಯಲ್ಲಿ ಒಂದು ದಿನ ತುಂಬುವ ಮೊದಲೇ ಒಲೆ ಹೊತ್ತಿತು. ಬಾಗಿಲು ಬಡಿದು ಪಾಳಿ ಹೇಳಲು ನನಗೆ ನಾಚಿಕೆ ಎಂಬ ಒಂದೇ ಕಾರಣಕ್ಕೆ. ನಾಚಿಕೆ ಇಷ್ಟು ಕೆಟ್ಟದ್ದೇ? ಸುದ್ದಿ ಹಬ್ಬಿ ಮಧ್ಯಾಹ್ನಕ್ಕೆ ಐದು ಬುಟ್ಟಿ ಬಂದವು. ಚಾಚಾ ಯಾವುದನ್ನೂ ಬೇಡ ಅನ್ನಲಿಲ್ಲ. ನಲವತ್ತು ದಿನ ಕಳೆದ ಮೇಲೆ ಶಾಹೀನಕ್ಕನ ಜೊತೆ ಜೇವರ್ಗಿಗೆ ಹೋದವರು ತಿರುಗಿ ಬಂದಿಲ್ಲ. ನಿಮ್ಮ ಮನೆಗೆ ಬೀಗ ಇದೆ.

ಹೋದ ತಿಂಗಳು ಹಿಟ್ಟಿನ ಗಿರಣಿಯ ಮಲ್ಲಣ್ಣ ಹೋದರು. ಅವ್ವ ಏನೂ ಕೇಳಲಿಲ್ಲ, ನಾನೇ ಎದ್ದೆ. ಮೊದಲ ಬಾಗಿಲು ಬಡಿದೆ. ಶರಣಮ್ಮಕ್ಕ "ಅಯ್ಯಯ್ಯ, ಸವಿಗಿ ಮಾತ ಬಂದಾವ! ಮಲ್ಲಣ್ಣಗ ಹೇಳಿದ್ರ ಎದ್ದ ಕುಂದ್ರತಿದ್ದ" ಎಂದಳು. ಆದರೂ ಮೊದಲ ದಿನ ಒಪ್ಪಿಕೊಂಡಳು. ಎರಡನೆಯ ದಿನ ನಮ್ಮದು. ಮೂರನೆಯ ದಿನಕ್ಕೆ ಯಾರೂ ಸಿಗಲಿಲ್ಲ. ಬಾಡಿಗೆಯವರು "ನಮಗ ಅವ್ರ ಗುರ್ತಿಲ್ರಿ" ಎಂದರು. ದಸ್ತಗೀರಣ್ಣನ ಮನೆಯವರು ಕರಜಗಿಗೆ ಮದುವೆಗೆ ಹೋಗಿದ್ದರು. ಕೊನೆಗೆ ಗೇಟಿನ ಮನೆಯ ಸುವರ್ಣಾಬಾಯಿ. ಅವರು ಗೇಟು ತೆರೆಯದೆಯೇ ಮಾತಾಡಿದರು. "ಗಲ್ಲಿ ಗ್ರೂಪ್‌ನ್ಯಾಗ ಓಂ ಶಾಂತಿ ಹಾಕೀನಲ್ಲವ್ವ. ಈಗ ಫೋನ್ ಹಚ್ಚಿದ್ರ ಹೋಟೆಲ್‌ನವ್ರು ಮನಿಗೇ ತಂದ್ ಕೊಡ್ತಾರ. ಹಲೀಮಾಬಿ ಹೋದ್ಲು, ಅಕಿ ಜೋಡಿ ಅದೂ ಹೋತು." ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ? ನಾನು ತಿರುಗಿ ಮನೆಗೆ ಬಂದೆ.

ಮೂರನೆಯ ದಿನ ನಾನೇ ಮತ್ತೆ ಬೇಳೆ, ಅನ್ನ ಮಾಡಿ ಒಯ್ದೆ. ಮಲ್ಲಣ್ಣನ ಹೆಂಡತಿ ನಾಗಮ್ಮಕ್ಕ ಬುಟ್ಟಿ ನೋಡಿ "ಮತ್ತ ನಿಮ್ಮ ಮನೀದೇ ಏನವ್ವ?" ಎಂದಳು. ಆ ಮುಖ ನೋಡಲಾಗಲಿಲ್ಲ. "ಇಲ್ಲಕ್ಕ, ಸುವರ್ಣಾಬಾಯಿ ಕಳ್ಸ್ಯಾರ" ಎಂದೆ. ಅವಳು ಹೊಟ್ಟೆ ತುಂಬ ಉಂಡಳು.

ಮೊನ್ನೆ ನಾಗಮ್ಮಕ್ಕ ಮತ್ತೆ ಗಿರಣಿ ತೆರೆದಳು. ನಾನು ಜೋಳ ಇಟ್ಟುಕೊಂಡು ನಿಂತಿದ್ದೆ. ಸುವರ್ಣಾಬಾಯಿಯೂ ಜೋಳದ ಡಬ್ಬಿ ಹಿಡಿದು ಬಂದರು. ನಾಗಮ್ಮಕ್ಕ ಹಿಟ್ಟಿನ ಕೈಯಲ್ಲೇ ಅವರ ಕೈ ಹಿಡಿದು, "ಮೂರನೇ ದಿನ ಯಾರೂ ಬರಲಿಕ್ಕಿಲ್ಲ ಅಂದ್ಕೊಂಡಿದ್ದೆರಿ ಬಾಯಿ. ನೀವು ಕಳ್ಸಿದ್ರಿ" ಎಂದು ಅತ್ತಳು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಸುವರ್ಣಾಬಾಯಿ ನನ್ನನ್ನೇ ನೋಡಿದರು. "ನಾನಲ್ಲ" ಎನ್ನಬಹುದಿತ್ತು. ಎನ್ನಲಿಲ್ಲ. "ಇರ್ಲಿ ಬಿಡ್ರಿ" ಎಂದು, ಬೀಸದ ಜೋಳದ ಡಬ್ಬಿಯನ್ನೇ ಎತ್ತಿಕೊಂಡು ಹೊರಟುಹೋದರು. ಆಮೇಲೆ ನಾನು ಎದುರಾದರೆ ಮುಖ ತಿರುಗಿಸುತ್ತಾರೆ.

ಸುಳ್ಳು ಹೇಳಿದ್ದಕ್ಕೆ ನೀವು ಬೈಯುತ್ತೀರೋ ಏನೋ. ಗಲ್ಲಿಯಲ್ಲಿ ಮುಂದೆ ಯಾರ ಮನೆಯಲ್ಲಿ ಸಾವಾಗುತ್ತದೋ ಗೊತ್ತಿಲ್ಲ. ಯಾರದೇ ಆಗಲಿ, ನಾನು ಮೊದಲು ಹೋಗಿ ನಿಲ್ಲುವುದು ಆ ಗೇಟಿನ ಮುಂದೆ. ಅವರು ತೆರೆಯುವವರೆಗೂ ನಿಲ್ಲುತ್ತೇನೆ ಖಾಲಾ.

ನಿಮ್ಮ ಸವಿ