ಅಂಗೈ ಮೇಲಿನ ಹುಳಿ

ಗುಲಾಬಿ ಆಂಟಿ,

ಇದನ್ನು ನಿಮಗೆ ಕಳಿಸುವ ಮುಖ ನನಗಿಲ್ಲ. ಆದರೂ ಇವತ್ತಿನದನ್ನು ಬೇರೆ ಯಾರಿಗೆ ಹೇಳಲಿ?

ಪಕ್ಕದ ಊರು ಎಡಿಸನ್ನಿನಲ್ಲಿ ಒಂದು ನಾಮಕರಣವಿತ್ತು. ನಾವಿಬ್ಬರೂ ಸೇರಿ ಶುರುಮಾಡಿದ ಕೇಟರಿಂಗ್‌ನಿಂದ ಹೋದ ಹುಳಿ, ಉಪ್ಪು ಹೆಚ್ಚಾಗಿ ಬಾಯಿಗಿಡುವಂತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಾ ನಾನೇ ಎರಡು ಸಲ ಉಪ್ಪು ಹಾಕಿದ್ದೆ. ವಾಪಸ್ ಬಂದು, ನೀವು ಕೆಲಸ ಕಲಿಸಿದ ಶ್ರದ್ಧಾಳ ಮೇಲೆ ರೇಗಿದೆ.

"ಪಕ್ಕದಲ್ಲೇ ನಿಂತಿದ್ದೆಯಲ್ಲ, ಹೇಳೋದಕ್ಕೇನಾಗಿತ್ತು?"

"ಆಂಟಿ ಆಗಿದ್ರೆ ಕೇಳ್ತಿದ್ರು, ಅಕ್ಕ."

ಹೌದು, ಕೇಳುತ್ತಿದ್ದಿರಿ. ಒಲೆ ಆರಿಸುವ ಮೊದಲು ಎಲ್ಲರ ಅಂಗೈಗೂ ಒಂದೊಂದು ಹನಿ ಹುಳಿ ಬಿಟ್ಟು, "ಉಪ್ಪು ಸಾಕಾ ಮಗಾ?" ಎಂದು ಉತ್ತರಕ್ಕೆ ಕಾಯುತ್ತಿದ್ದಿರಿ. ಹೆಲ್ಪರ್‌ಗಳನ್ನು ಹೀಗೆ ಕೇಳಿದರೆ ನಮಗೇ ಅಡುಗೆ ಬರುವುದಿಲ್ಲ ಎಂದುಕೊಳ್ಳುತ್ತಾರೆ ಎಂದು ಒಂದು ದಿನ ನಾನು ಅವರೆದುರೇ ಅಂದೆ. ನೀವು ಸೌಟು ಕೆಳಗಿಟ್ಟಿರಿ. ಆಮೇಲೆ ಕೆಲವೇ ದಿನಗಳಲ್ಲಿ ನೀವು ಬರುವುದನ್ನೇ ನಿಲ್ಲಿಸಿದಿರಿ. ನಾನೂ ಕರೆಯಲಿಲ್ಲ.

ಸಂಜೆಯ ಆರ್ಡರಿಗೆ ಮತ್ತೆ ಹುಳಿ ಮಾಡಿದೆವು. ನಿಮ್ಮ ಹಾಗೆಯೇ ಸೌಟು ಹಿಡಿದು ಶ್ರದ್ಧಾಳ ಹತ್ತಿರ ಹೋದೆ. "ಉಪ್ಪು ಸಾಕಾ, ನೋಡು," ಎಂದೆ.

ಅವಳು ಕೈ ಒಡ್ಡಲಿಲ್ಲ. ರುಚಿಯನ್ನೂ ನೋಡದೆ, "ಸರಿಯಾಗಿದೆ ಅಕ್ಕ," ಎಂದಳು.